ದೊಡ್ಡಸ್ವಾಮಿಯವರ ಲೆಕ್ಕ

ಸತ್ಯಕ್ಕಾಗಿ ನಿಂತವರ ಕಥೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕೊಳ್ಳೇಗಾಲದ ಬಳಿಯ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತ ಹಾಡುವ ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರು ಒಡ್ಡಿದ ವಿಷವನ್ನು ಗುರುವಿನ ಹೆಸರು ಹೇಳಿ ಗೆದ್ದವನು. ರಾಘವಾಂಕನ ಹರಿಶ್ಚಂದ್ರನ ಕಥೆಯಂತೂ ಶಾಲೆಯ ಮಕ್ಕಳಿಗೂ ತಿಳಿದದ್ದೇ. ಈ ಕಥೆಗಳಲ್ಲಿ ಪರೀಕ್ಷೆ ಹೊರಗಿನಿಂದ ಬರುತ್ತದೆ. ಒಡ್ಡುವವನು ಎದುರಾಳಿ, ಒಳಗಾಗುವವನು ನಮ್ಮವನು. ಕೇಳುವವರ ಮನಸ್ಸು ಎತ್ತ ಒಲಿಯಬೇಕೆಂಬುದರಲ್ಲಿ ಸಂದೇಹವೇ ಹುಟ್ಟುವುದಿಲ್ಲ. ಆದರೆ ಸತ್ಯದ ಪರೀಕ್ಷೆ ಇನ್ನೊಂದು ಬಗೆಯದೂ ಉಂಟು. ಅಲ್ಲಿ ವಿಷದ ಬಟ್ಟಲನ್ನು ಹಿಡಿದವರು ಪರರಲ್ಲ. ಆಡಬೇಕಾದ ಮಾತು ನಮ್ಮವರಿಗೇ ಕಹಿಯಾದ ಮಾತು. ಅದರಿಂದ ಮೊದಲು ನೋಯುವುದು ನಮ್ಮದೇ ಬಾಳಿನ ದುಡಿಮೆ. ಈ ಪರೀಕ್ಷೆಗೆ ನಿಲ್ಲುವವರು ವಿರಳ. ನಿಂತವರ ಕಥೆಯನ್ನು ಹಾಡುವವರು ಮತ್ತೂ ವಿರಳ.

ಕ್ರೈಸ್ತ ಪರಂಪರೆಯಲ್ಲಿ ಇದಕ್ಕೊಂದು ಹಳೆಯ ಮಾದರಿಯಿದೆ. ಏಸುವನ್ನು ಸೆರೆಹಿಡಿದ ರಾತ್ರಿ ಶಿಷ್ಯರಲ್ಲಿ ಹಿರಿಯನಾದ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ತಾನು ಅರಿಯೆನೆಂದು ಮೂರು ಬಾರಿ ನುಡಿದನು. ಸುವಾರ್ತೆಗಳು ಬರಹಕ್ಕಿಳಿಯುವ ಹೊತ್ತಿಗೆ ಪೇತ್ರನು ಸಭೆಯೆಲ್ಲ ಗೌರವಿಸುವ ಪುರುಷನಾಗಿದ್ದನು. ಆ ಒಂದು ರಾತ್ರಿಯ ಸಂಗತಿಯನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ನಾಲ್ಕು ಸುವಾರ್ತೆಗಳೂ ಅದನ್ನು ಮುಚ್ಚಿಡದೆ ಹೇಳಿವೆ. ಸಾಕ್ಷಿ ಎಂಬ ಅರ್ಥದ ಗ್ರೀಕ್ ಪದವೇ ಮುಂದೆ ಧರ್ಮಕ್ಕಾಗಿ ಪ್ರಾಣ ತೆತ್ತವನ ಹೆಸರಾಯಿತು. ಸಾಕ್ಷಿಯಾದವನು ತನ್ನ ಪಕ್ಷಕ್ಕೆ ಅನುಕೂಲವಾದುದನ್ನು ಮಾತ್ರ ಹೇಳಿದರೆ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂಬ ತಿಳಿವು ಆ ಬರಹಗಾರರಿಗಿತ್ತೆಂದು ತೋರುತ್ತದೆ. ಈ ಮಾದರಿಯನ್ನು ಮುಂದಿಟ್ಟುಕೊಂಡು ನಾನು ಇಲ್ಲಿ ಹೇಳಹೊರಟಿರುವುದು, ಮೈಸೂರು ಸೀಮೆಯ ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಅವರ ಬಾಳನ್ನು.

ಹೆಸರಿನ ವಿಷಯವಾಗಿ ಒಂದು ಮಾತು. ಹಳಗನ್ನಡ ಓದಿದ ವಿದ್ಯಾರ್ಥಿಗಳು ಅಬ್ಬೆ ಎಂದೊಡನೆ ತಾಯಿಯನ್ನು ನೆನೆಯುತ್ತಾರೆ. ಫ್ರೆಂಚರಲ್ಲಿ ಅದು ಪಾದ್ರಿಗಳಿಗೆ ಸಲ್ಲುವ ಗೌರವದ ಪದ. ಏಸುವಿನ ಆಡುನುಡಿಯಾಗಿದ್ದ ಅರಮಾಯಿಕ್ ಭಾಷೆಯಲ್ಲಿ ತಂದೆ ಎಂಬರ್ಥದ ಅಬ್ಬ ಎಂಬ ಶಬ್ದದಿಂದ ಬಂದದ್ದು. ಒಂದೇ ನಾದ ಒಂದು ನುಡಿಯಲ್ಲಿ ತಾಯಿಯೂ ಇನ್ನೊಂದರಲ್ಲಿ ತಂದೆಯೂ ಆಗಿರುವುದು ಆಕಸ್ಮಿಕವಾದರೂ, ಮೂವತ್ತು ವರ್ಷಗಳ ಕಾಲ ನಮ್ಮ ನಾಡಿನ ಅನ್ನ ಉಂಡ ಈ ಪರದೇಶಿಗೆ ಅದು ಒಪ್ಪುವ ಆಕಸ್ಮಿಕವೇ ಸರಿ.

ಕೊಳ್ಳೇಗಾಲದಲ್ಲಿ ಕುಳಿತು ಅವರನ್ನು ನೆನೆಯಲು ಕಾರಣವೂ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲ ಇಂಗ್ಲಿಷ್ ಕಂಪನಿಯ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮದರಾಸಿನ ಆಡಳಿತದಲ್ಲಿಯೇ ಇತ್ತು. ಮಗ್ಗುಲಿನ ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಲಿಯೊನಾರ್ದೊ ಚಿನ್ನಾಮಿ ಮೊದಲಾದ ಯೇಸುಸಭೆಯ ಪಾದ್ರಿಗಳು ಸಂನ್ಯಾಸಿಗಳ ವೇಷ ಧರಿಸಿ, ಕನ್ನಡ ಕಲಿತು, ಮೈಸೂರು ಮಿಷನ್ನನ್ನು ಕಟ್ಟಿದ್ದರು. ದ್ಯುಬ್ವಾ ಅವರು ಬಂದದ್ದು ಆ ಪರಂಪರೆ ಒಣಗಿಹೋದ ಕಾಲದಲ್ಲಿ. ದುಡಿದದ್ದು ಘಟ್ಟದ ಕೆಳಗಿನ ಕೊಯಮತ್ತೂರಿನ ಕಡೆಯಲ್ಲಿಯೂ ಘಟ್ಟದ ಮೇಲಿನ ಶ್ರೀರಂಗಪಟ್ಟಣದ ಕಡೆಯಲ್ಲಿಯೂ. ಈ ಎರಡು ಸೀಮೆಗಳ ನಡುವೆ ಹಬ್ಬಿರುವುದೇ ನಮ್ಮ ಬೆಟ್ಟಗಳು. ಇಂದು ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ಕ್ರೈಸ್ತರ ಊರುಗಳಿವೆ; ಕಾಮಗೆರೆಯಲ್ಲಿ ಸಂನ್ಯಾಸಿನಿಯರ ಆಸ್ಪತ್ರೆಯಿದೆ. ಇಂಥ ಊರುಗಳ ಭವಿಷ್ಯದ ವಿಷಯವಾಗಿ ದ್ಯುಬ್ವಾ ಅವರಿಗೆ ಯಾವ ಭರವಸೆಯೂ ಇರಲಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

ಝಾಂ ಆಂತ್ವಾನ್ ದ್ಯುಬ್ವಾ ಹುಟ್ಟಿದ್ದು ಫ್ರಾನ್ಸಿನ ದಕ್ಷಿಣ ಭಾಗದ ಸೇಂ ರೆಮೆಜ್ ಎಂಬ ಹಳ್ಳಿಯಲ್ಲಿ, 1766ರ ಸುಮಾರಿಗೆ. 1792ರಲ್ಲಿ ಪಾದ್ರಿಯ ದೀಕ್ಷೆ ಪಡೆದು, ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ವತಿಯಿಂದ ಅದೇ ವರ್ಷ ಇಂಡಿಯಕ್ಕೆ ಹೊರಟರು. ಫ್ರಾನ್ಸಿನಲ್ಲಿ ಕ್ರಾಂತಿಯ ಜ್ವಾಲೆ ಏರುತ್ತಿದ್ದ ಕಾಲವದು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ಸೆರೆಮನೆಗೂ ವಧಾಸ್ಥಾನಕ್ಕೂ ಹೋಗುತ್ತಿದ್ದರು. ಅಲ್ಲಿಯೇ ಉಳಿದಿದ್ದರೆ ತಾವೂ ಬಲಿಯಾಗುತ್ತಿದ್ದುದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ಇಲ್ಲಿಗೆ ಬಂದವರು ಯೂರೋಪಿನ ಉಡುಪನ್ನು ಕಳಚಿಟ್ಟರು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲೊಂದು ಬಿದಿರುಕೋಲು ಅವರ ವೇಷವಾಯಿತು. ಊಟ ಉಪಚಾರಗಳಲ್ಲಿಯೂ ನಾಡಿನ ರೂಢಿಯನ್ನೇ ಹಿಡಿದರು. ಆಗಿನ ಪ್ರಸಿದ್ಧ ಚಿತ್ರಗಾರ ಥಾಮಸ್ ಹಿಕ್ಕಿ ಬರೆದ ಅವರ ಚಿತ್ರವೊಂದುಂಟು. ಮೊದಲ ನೋಟಕ್ಕೆ ಅದು ನಮ್ಮ ಕಡೆಯ ಯಾರೋ ವೃದ್ಧ ಗುರುಗಳ ಚಿತ್ರವೆಂದೇ ತೋರುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರಿಗೆ ಗುರುವೊಬ್ಬನು ಬೇಕಾಗಿದ್ದನು. ಅಲ್ಲಿ ಸೇನಾಧಿಪತ್ಯ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ದ್ಯುಬ್ವಾ ಅವರು ಅಲ್ಲಿಗೆ ಬಂದರು. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ಚರ್ಚಿದೆ. 1784ರಲ್ಲಿ ಮಂಗಳೂರು ಕಡೆಯಿಂದ ಸೆರೆಯಾಗಿ ಬಂದು, ಬಲವಂತದಿಂದ ಮತಾಂತರಗೊಂಡಿದ್ದ ಕ್ರೈಸ್ತರಲ್ಲಿ ಅನೇಕರು ಮರಳಿ ತಮ್ಮ ಧರ್ಮಕ್ಕೆ ಬರಲು ಬಯಸಿ ಅವರ ಬಳಿಗೆ ಬಂದರು. ಅವರನ್ನೆಲ್ಲ ಸೇರಿಸಿಕೊಂಡು ಸಭೆಯನ್ನು ಪುನಃ ಕಟ್ಟಿದ್ದು ಅವರ ಮೊದಲ ಕಾರ್ಯ. ಬಡ ಕ್ರೈಸ್ತರು ದುಡಿದು ಬಾಳಬೇಕೆಂದು ಹಾಸನದ ಸಮೀಪದಲ್ಲಿ ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿದರು. ಸಿಡುಬಿನ ಪಿಡುಗು ಹಳ್ಳಿಹಳ್ಳಿಯನ್ನು ಬರಿದುಮಾಡುತ್ತಿದ್ದ ದಿನಗಳವು. ಜೆನ್ನರನ ದೇವಿ ಹಾಕುವ ಕ್ರಮವು ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು 1798ರಲ್ಲಿ. ಐದಾರು ವರ್ಷಗಳಲ್ಲಿಯೇ, 1803 ಮತ್ತು 1804ರಲ್ಲಿ, ದ್ಯುಬ್ವಾ ಅವರ ಮುತುವರ್ಜಿಯಿಂದ ಮೈಸೂರು ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ ಜನರಿಗೆ ದೇವಿ ಹಾಕಲಾಯಿತೆಂದು ದಾಖಲೆಗಳಿವೆ. ಅವರನ್ನು ದೊಡ್ಡಸ್ವಾಮಿಯವರೆಂದು ಕರೆದ ಬಾಯಿಗಳು ಕ್ರೈಸ್ತರವು ಮಾತ್ರವಾಗಿರಲಿಲ್ಲ.

ಇದೇ ವರ್ಷಗಳಲ್ಲಿ ಅವರು ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತು ಫ್ರೆಂಚಿನಲ್ಲೊಂದು ಬೃಹದ್ಗ್ರಂಥವನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಮದರಾಸಿಗೆ ಶಿಫಾರಸು ಮಾಡಿದರು. ಗವರ್ನರ್ ವಿಲಿಯಂ ಬೆಂಟಿಂಕರ ಒಲವಿನಿಂದ ಕಂಪನಿಯು ಹಸ್ತಪ್ರತಿಯನ್ನು ಎರಡು ಸಾವಿರ ಪಗೋಡಗಳಿಗೆ ಕೊಂಡಿತು. ಆಳುವವರಿಗೆ ಆಳಿಸಿಕೊಳ್ಳುವವರ ಒಳಬಾಳನ್ನು ತಿಳಿಯುವ ಅಗತ್ಯವಿತ್ತೆಂಬುದು ಆ ಔದಾರ್ಯದ ಕಾರಣ. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ದ್ಯುಬ್ವಾ ಅವರು ತಿದ್ದಿ ಬೆಳೆಸಿದ ಪ್ರತಿಯು ಬಹುಕಾಲ ಮದರಾಸಿನ ಕಡತಗಳಲ್ಲಿದ್ದು, 1897ರಲ್ಲಿ ಹೆನ್ರಿ ಬೋಷಂ ಎಂಬ ವಿದ್ವಾಂಸರ ಸಂಪಾದನೆಯಲ್ಲಿ ಹೊರಬಂದಿತು. ಕೀರ್ತಿ ತಂದ ಗ್ರಂಥವಿದು. ಆದರೆ ಸತ್ಯದ ಪರೀಕ್ಷೆ ನಡೆದದ್ದು ಮತ್ತೊಂದು ಚಿಕ್ಕ ಪುಸ್ತಕದಲ್ಲಿ.

ಇಂಡಿಯದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಅವರು ಮೈಸೂರು ಸೀಮೆಯಲ್ಲಿದ್ದಾಗಲೇ ಪತ್ರಗಳನ್ನು ಬರೆಯತೊಡಗಿದ್ದರು. 1823ರ ಜನವರಿಯಲ್ಲಿ ಇಂಡಿಯವನ್ನು ಬಿಟ್ಟು ಸ್ವದೇಶಕ್ಕೆ ಹೊರಟರು; ಅದೇ ವರ್ಷ ಪತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾದವು. ಅದರಲ್ಲಿ ಅವರು ಎರಡು ಪ್ರಶ್ನೆಗಳನ್ನು ಹಾಕಿಕೊಂಡರು. ಹಿಂದೂಗಳನ್ನು ನಿಜವಾದ ಅರ್ಥದಲ್ಲಿ ಕ್ರೈಸ್ತರನ್ನಾಗಿ ಮಾಡುವುದು ಸಾಧ್ಯವೇ? ಅದಕ್ಕಾಗಿ ಈಗ ನಡೆಯುತ್ತಿರುವ ಪ್ರಯತ್ನಗಳು, ಮುಖ್ಯವಾಗಿ ಬೈಬಲ್ಲನ್ನು ದೇಶಭಾಷೆಗಳಿಗೆ ತರ್ಜುಮೆ ಮಾಡಿ ಹಂಚುವುದು, ಫಲಕೊಡಬಲ್ಲವೇ? ಎರಡಕ್ಕೂ ಅವರ ಉತ್ತರ ಇಲ್ಲವೆಂದೇ.

ಈ ತೀರ್ಮಾನವನ್ನು ದೂರದ ಪಂಡಿತನೊಬ್ಬನು ಹೇಳಿದ್ದರೆ ಅದು ಬರಿಯ ಅಭಿಪ್ರಾಯವಾಗುತ್ತಿತ್ತು. ದ್ಯುಬ್ವಾ ಅವರು ಅದನ್ನು ತಮ್ಮ ಬಾಳಿನ ಲೆಕ್ಕ ಒಪ್ಪಿಸಿ ಹೇಳಿದರು. ಇಷ್ಟು ವರ್ಷಗಳಲ್ಲಿ, ಒಬ್ಬ ದೇಶೀಯ ಪಾದ್ರಿಯ ನೆರವಿನಿಂದ, ತಾವು ಕ್ರೈಸ್ತರನ್ನಾಗಿ ಮಾಡಿದ ಗಂಡಸರು ಹೆಂಗಸರು ಒಟ್ಟು ಇನ್ನೂರರಿಂದ ಮುನ್ನೂರು ಮಂದಿ. ಅವರಲ್ಲಿ ಮೂರರಲ್ಲೆರಡು ಪಾಲು ಹೊಲೆಯರು ಹಾಗೂ ತಿರುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಹಲವರು ಬಂದದ್ದು ಮದುವೆಯ ಅನುಕೂಲಕ್ಕೆ, ಇಲ್ಲವೆ ಮತ್ತಾವುದೋ ಲಾಭದ ಆಸೆಗೆ. ಹೀಗೆಂದು ಅವರೇ ಬರೆದರು. ಮಿಷನ್ನುಗಳಿಗೆ ಹಣ ಬರುತ್ತಿದ್ದುದು ಊರಿಗೆ ಕಳುಹುವ ಉತ್ಸಾಹದ ವರದಿಗಳಿಂದ. ಅಂಥ ಕಾಲದಲ್ಲಿ ತನ್ನ ಸೋಲನ್ನು ಅಂಕಿಗಳಲ್ಲಿ ಬರೆದು, ಅದನ್ನು ತನ್ನ ಹೆಸರಿನಲ್ಲಿಯೇ ಅಚ್ಚುಹಾಕಿಸಿದ ಪಾದ್ರಿ ಇನ್ನೊಬ್ಬನುಂಟೋ ನಾನರಿಯೆ.

ಕಾರಣಗಳನ್ನು ಹೇಳುವಾಗಲೂ ತಮ್ಮವರನ್ನು ಅವರು ಬಿಡಲಿಲ್ಲ. ಹಿಂದಿನ ಯೇಸುಸಭೆಯವರು ತಮ್ಮನ್ನು ಪಶ್ಚಿಮದಿಂದ ಬಂದ ಬ್ರಾಹ್ಮಣರೆಂದು ಹೇಳಿಕೊಂಡದ್ದು, ಜನರು ಅವರೂ ಪರಂಗಿಯವರೇ ಎಂದು ತಿಳಿದುಕೊಂಡದ್ದು, ದೇಶಾಚಾರಗಳನ್ನು ಉಳಿಸಿಕೊಳ್ಳುವುದು ಸರಿಯೋ ತಪ್ಪೋ ಎಂದು ಕ್ರೈಸ್ತ ಸಂಘಗಳೊಳಗೆ ಜಗಳವೆದ್ದು ರೋಮಿನವರೆಗೆ ಹೋದದ್ದು, ಇಲ್ಲಿ ನೆಲೆಸಿದ ಯೂರೋಪಿಯನ್ನರ ದುರ್ನಡತೆಯಿಂದ ಕ್ರೈಸ್ತಧರ್ಮಕ್ಕೇ ಕೆಟ್ಟ ಹೆಸರು ಬಂದದ್ದು, ಎಲ್ಲವನ್ನೂ ಎಣಿಸಿದರು.

ತಮ್ಮ ಸಭೆಯ ಜನರ ಮನಸ್ಸನ್ನು ತೋರಿಸಲು ಅವರು ಹೇಳುವ ಎರಡು ಪ್ರಸಂಗಗಳು ಗಮನಿಸತಕ್ಕವು. ಒಮ್ಮೆ ತಪ್ಪಿಹೋದ ಮಗನ ಸಾಮ್ಯವನ್ನು ಬೋಧಿಸುತ್ತ, ಮರಳಿ ಬಂದ ಮಗನಿಗಾಗಿ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂಬ ಭಾಗವನ್ನು ವಿವರಿಸಿದರಂತೆ. ಬಳಿಕ ಸಭೆಯ ಹಿತೈಷಿಗಳು ಬಂದು, ಕರುವಿನ ಮಾತು ಸಲ್ಲದು, ಅನ್ಯರು ಕೇಳಿದರೆ ನಮ್ಮ ಧರ್ಮವನ್ನು ಹೀನವೆನ್ನುತ್ತಾರೆ, ಇನ್ನು ಮುಂದೆ ಕುರಿಮರಿಯೆಂದು ಹೇಳಬೇಕೆಂದು ಬಿನ್ನವಿಸಿದರು. ಇನ್ನೊಮ್ಮೆ ಏಸುವಿನ ಶಿಷ್ಯರು ಬಡ ಮೀನುಗಾರರಾಗಿದ್ದರೆಂದು ನುಡಿದಾಗ, ಸಭೆಯ ಮುಖಂಡರೇ ಬೇಸರಗೊಂಡು, ಇಲ್ಲಿ ಮೀನುಗಾರರು ಕೀಳುಜಾತಿಯವರಾದುದರಿಂದ ಆ ಸಂಗತಿಯನ್ನು ಎತ್ತಬಾರದೆಂದರು. ಕ್ರೈಸ್ತರಾಗಿ ತಲೆಮಾರುಗಳು ಕಳೆದಿದ್ದರೂ ಜಾತಿಯ ತಕ್ಕಡಿ ಅವರ ಕೈಯಲ್ಲಿಯೇ ಉಳಿದಿತ್ತು. ದ್ಯುಬ್ವಾ ಅವರು ಇದನ್ನು ಮರೆಮಾಚಲಿಲ್ಲ.

ಪುಸ್ತಕ ಬಂದೊಡನೆ ವಿರೋಧದ ಗಾಳಿ ಬೀಸಿತು. ಮದರಾಸಿನ ಕಡೆ ಕಂಪನಿಯ ಪಾದ್ರಿಯಾಗಿದ್ದ ಜೇಮ್ಸ್ ಹಫ್ 1824ರಲ್ಲಿ ಒಂದು ಉತ್ತರಗ್ರಂಥವನ್ನೇ ಪ್ರಕಟಿಸಿದರು. ಬಂಗಾಳದಲ್ಲಿದ್ದ ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟ್ ಮಿಷನರಿಯೂ ಅದೇ ವರ್ಷ ಮತ್ತೊಂದನ್ನು ಬರೆದರು. ತನ್ನ ಸೋಲನ್ನು ಎಲ್ಲರ ಸೋಲೆಂದು ಭಾವಿಸಬಾರದು, ದೇವರ ವಚನದ ಶಕ್ತಿಯನ್ನು ಅಲ್ಲಗಳೆಯಬಾರದು ಎಂಬುದು ಅಂಥವರ ಆಕ್ಷೇಪಣೆಯ ಸಾರ. ಈ ಆಕ್ಷೇಪಣೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ತರ್ಜುಮೆಗಳು ಕೆಟ್ಟದಾಗಿವೆಯೆಂಬ ದ್ಯುಬ್ವಾ ಅವರ ದೂರು ಆ ಕಾಲಕ್ಕೆ ಬಹುಮಟ್ಟಿಗೆ ನ್ಯಾಯವಾದುದೇ. ಆದರೆ ಕೆಟ್ಟ ತರ್ಜುಮೆಗೆ ಮದ್ದು ಒಳ್ಳೆಯ ತರ್ಜುಮೆಯೆಂಬುದನ್ನು ಅವರು ಕಾಣಲಿಲ್ಲ. ಬೈಬಲ್ಲನ್ನು ಕನ್ನಡಿಸಲು ಹೊರಟವರ ಹಾದಿಯಲ್ಲಿಯೇ ಮುಂದೆ ಕನ್ನಡದ ಅಚ್ಚಿನ ಮನೆಗಳೂ ವ್ಯಾಕರಣಗಳೂ ಬೆಳೆದು, 1894ರಲ್ಲಿ ಕಿಟೆಲರ ನಿಘಂಟು ಹೊರಬಂದಿತು. ಅದರ ಹಂಗಿನಲ್ಲಿ ಕನ್ನಡದ ಮೇಷ್ಟರುಗಳಾದ ನಾವೆಲ್ಲ ಇಂದಿಗೂ ಇದ್ದೇವೆ.

ಅದೇ ಪುಸ್ತಕದ ಕೊನೆಯಲ್ಲಿ ಇನ್ನೊಂದು ಭಾಗವಿದೆ. ಪ್ರಾಟೆಸ್ಟೆಂಟ್ ಮಿಷನರಿಯೊಬ್ಬರು ಹಿಂದೂ ಗಂಡಸರನ್ನೂ ಹೆಂಗಸರನ್ನೂ ಕಟುವಾಗಿ ನಿಂದಿಸಿ ಬರೆದಿದ್ದರು. ಅದಕ್ಕೆ ಉತ್ತರವಾಗಿ ದ್ಯುಬ್ವಾ ಅವರು ಹಿಂದೂಗಳ ಪರವಾಗಿ ಸಮರ್ಥನೆಯನ್ನು ಸೇರಿಸಿದರು. ಮುಖಪುಟದಲ್ಲಿ ಆ ಮಿಷನರಿಯ ಹೆಸರು ಬರಬೇಕಾದೆಡೆ ನಕ್ಷತ್ರದ ಗುರುತುಗಳನ್ನಷ್ಟೇ ಹಾಕಿಸಿದ್ದಾರೆ. ತಮ್ಮ ಬೋಧೆಯನ್ನು ಒಪ್ಪದೆ ಹೋದ ಜನರ ಮಾನವನ್ನು, ತಮ್ಮ ಧರ್ಮದವನೊಬ್ಬನ ಎದುರಿಗೆ ನಿಂತು ಕಾಯುವುದೆಂದರೆ ಸಣ್ಣ ಮಾತಲ್ಲ. ಸೋತವನು ಗೆದ್ದವರನ್ನು ಹಳಿಯುವುದು ಲೋಕರೂಢಿ. ಈ ರೂಢಿಯನ್ನು ಅವರು ಮೀರಿದರು.

ಇಲ್ಲಿಗೆ ಲೇಖನವನ್ನು ನಿಲ್ಲಿಸಿದರೆ ಚೆನ್ನಾದ ಸತ್ಪುರುಷನ ಚಿತ್ರವೊಂದು ದೊರೆಯುತ್ತದೆ. ಆದರೆ ಸತ್ಯಕ್ಕೆ ನಿಂತವನ ಕಥೆಯನ್ನು ಹೇಳುವವನಿಗೂ ಸತ್ಯದ ಕಟ್ಟುಪಾಡು ಇರಬೇಕಷ್ಟೆ.

ಮೊದಲನೆಯದು ಶ್ರೀರಂಗಪಟ್ಟಣದ ಸೆರೆಯವರ ಮಾತು. ಟಿಪ್ಪುವಿನ ಸೆರೆಯಾಳುಗಳಾದ ಅರುವತ್ತು ಸಾವಿರ ಕ್ರೈಸ್ತರಲ್ಲಿ ನಂಬಿಕೆಗಾಗಿ ಎದೆಯೊಡ್ಡಿ ನಿಂತವನು ಒಬ್ಬನೂ ಇರಲಿಲ್ಲವೆಂದು ದ್ಯುಬ್ವಾ ಅವರು ನಾಚಿಕೆಯಿಂದ ಬರೆದರು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸಾವಿರಾರು ಮಂದಿಯ ಅಂತರಂಗವನ್ನು ಒಂದೇ ಸಾಲಿನಲ್ಲಿ ಅಳೆಯುವುದಂತೂ ಯಾರಿಗೂ ಸಾಧ್ಯವಿಲ್ಲ. ಮೇಲಾಗಿ, ಈ ತೀರ್ಪನ್ನು ಕೊಟ್ಟವರು ಯಾರು? ತನ್ನ ನಾಡಿನಲ್ಲಿ ಗುರುಗಳ ತಲೆ ಉರುಳುತ್ತಿದ್ದಾಗ ಹಡಗು ಹತ್ತಿ ಬಂದವರು. ಬಂದದ್ದು ತಪ್ಪೆಂದು ನಾನು ಹೇಳಲಾರೆ. ಬಾರದಿದ್ದರೆ ಆ ಇಪ್ಪತ್ತೈದು ಸಾವಿರ ಮಂದಿಗೆ ದೇವಿ ಹಾಕಿಸಲು ಅವರು ಇರುತ್ತಿರಲಿಲ್ಲ. ಆದರೆ ಓಡಿ ಉಳಿದವನು ಓಡಲಾರದೆ ಸಿಕ್ಕಿಬಿದ್ದವರನ್ನು ತೂಗುವಾಗ ಕೈ ಸ್ವಲ್ಪ ನಡುಗಬೇಕು. ಕೃತಿಯಲ್ಲಿ ಅವರು ಆ ಜನರನ್ನು ಕರುಣೆಯಿಂದ ಸೇರಿಸಿಕೊಂಡರು. ಬರಹದಲ್ಲಿ ಕರುಣೆ ಹಿಂದೆಬಿತ್ತು. ಪೇತ್ರನ ಕಥೆಯು ಅವನ ಮಾತಿಗೆ ಮುಗಿಯುವುದಿಲ್ಲವಷ್ಟೆ. ಕೋಳಿ ಕೂಗಿದಾಗ ಅವನು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತನೆಂಬಲ್ಲಿಗೆ ಮುಟ್ಟುತ್ತದೆ.

ಎರಡನೆಯದು ಅವರ ಲೆಕ್ಕದೊಳಗಿನ ದೋಷ. ಇನ್ನೂರು ಮುನ್ನೂರೆಂಬ ಅಂಕಿ ಸತ್ಯವಾದದ್ದು. ಆದರೆ ಅದರಲ್ಲಿ ಮೂರರಲ್ಲೆರಡು ಪಾಲು ಹೊಲೆಯರು ಮತ್ತು ತಿರುಕರೆಂಬುದನ್ನು ಅವರು ಸೋಲಿನ ಪುರಾವೆಯಾಗಿ ಒಪ್ಪಿಸಿದರು. ಜಾತಿಪದ್ಧತಿಯು ಹಿಂದೂ ಧರ್ಮಶಾಸ್ತ್ರಕಾರರ ಜಾಣ್ಮೆಯ ಫಲವೆಂದು ತಮ್ಮ ದೊಡ್ಡ ಗ್ರಂಥದಲ್ಲಿ ಹೊಗಳಿದ್ದವರು ಅವರು. ಮೀನುಗಾರರ ಮಾತನ್ನೆತ್ತಬೇಡಿರೆಂದ ಸಭೆಯ ಮುಖಂಡರ ಕೈಯಲ್ಲಿದ್ದ ತಕ್ಕಡಿಯನ್ನು ಕಂಡು ಬರೆದ ಈ ಪ್ರಾಮಾಣಿಕರು, ಅದೇ ತಕ್ಕಡಿ ತಮ್ಮ ಕೈಗೂ ಬಂದಿರುವುದನ್ನು ಕಾಣಲಿಲ್ಲ. ಮೊದಲ ಶಿಷ್ಯರು ಮೀನುಗಾರರಾಗಿದ್ದರೆಂಬುದನ್ನು ಬೋಧಿಸಿದವರಿಗೆ, ತಮ್ಮ ಬಳಿಗೆ ಬಂದ ತಿರುಕನು ಎಣಿಕೆಗೆ ಸಿಗಲಿಲ್ಲ. ಮದುವೆಗೋ ಅನ್ನಕ್ಕೋ ಬಂದವರೆಂದು ಅವರು ಬರೆದ ಆ ಮನುಷ್ಯರಿಗೆ ಊರಿನ ಬಾವಿಯೂ ದೇವಸ್ಥಾನದ ಬಾಗಿಲೂ ಮುಚ್ಚಿದ್ದವು. ತೆರೆದ ಒಂದು ಬಾಗಿಲನ್ನು ಅವರು ಏತಕ್ಕಾಗಿ ದಾಟಿದರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟವರಿಲ್ಲ. ಮುಂದಿನ ನೂರು ವರ್ಷಗಳಲ್ಲಿ ದಕ್ಷಿಣದ ಅನೇಕ ಕಡೆ ಕ್ರೈಸ್ತ ಸಭೆಗಳು ಬೆಳೆದದ್ದು ಹೆಚ್ಚಾಗಿ ಅಂಥವರಿಂದಲೇ. ಅಂಕಿಯ ಸತ್ಯವನ್ನು ಹೇಳಿದವರಿಗೆ ಆಳುಗಳ ಸತ್ಯ ತಪ್ಪಿಹೋಯಿತು.

ಮೂರನೆಯದು ತಡವಾಗಿ ಹೊರಬಿದ್ದ ಸಂಗತಿ. ದ್ಯುಬ್ವಾ ಅವರು ಸ್ವದೇಶಕ್ಕೆ ಮರಳಿದ ಬಳಿಕ ಪ್ಯಾರಿಸಿನಲ್ಲಿ ತಮ್ಮ ಸಂಘದ ಗುರುಮಠದಲ್ಲಿ ನೆಲೆಸಿದರು. ಕನ್ನಡ, ತಮಿಳು, ತೆಲುಗು ಪ್ರತಿಗಳನ್ನು ಇಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. 1836ರಿಂದ 1839ರವರೆಗೆ ಆ ಗುರುಮಠದ ಮುಖ್ಯಸ್ಥರೂ ಆಗಿದ್ದರು. ಇಂಡಿಯದಲ್ಲಿ ಮತಪ್ರಸಾರ ಫಲಿಸದೆಂದು ಜಗತ್ತಿಗೆ ಸಾರಿದವರು, ಪೂರ್ವದೇಶಗಳಿಗೆ ಹೊರಡುವ ತರುಣ ಪಾದ್ರಿಗಳನ್ನು ತಯಾರು ಮಾಡುವ ಮನೆಯ ಹಿರಿಯರಾದರು. ಅವರ ಸಂಘವೂ ಆ ಪುಸ್ತಕದ ಕಾರಣದಿಂದ ಅವರನ್ನು ಹೊರಗೆ ಹಾಕಲಿಲ್ಲ. 1848ರ ಫೆಬ್ರವರಿ 17ರಂದು, ಪ್ಯಾರಿಸಿನಲ್ಲಿ ಮತ್ತೊಂದು ಕ್ರಾಂತಿ ಸಿಡಿಯಲು ಕೆಲವೇ ದಿನಗಳಿರುವಾಗ, ತೀರಿಕೊಂಡರು.

ಅವರು ತೀರಿಕೊಂಡು ಸುಮಾರು ನೂರನಲವತ್ತು ವರ್ಷಗಳಾದ ಮೇಲೆ, 1987ರಲ್ಲಿ, ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ದ್ಯುಬ್ವಾ ಅವರ ಪ್ರಸಿದ್ಧ ಗ್ರಂಥದ ಬಹುಭಾಗ ಅವರ ಸ್ವಂತ ಅವಲೋಕನೆಯಲ್ಲವೆಂದೂ, ಅವರಿಗಿಂತ ಹಿಂದೆ ದಕ್ಷಿಣದಲ್ಲಿ ದುಡಿದ ಯೇಸುಸಭೆಯ ಪಾದ್ರಿ ಕೊರ್ದೂ ಅವರ ಬರಹವನ್ನು ಆಧರಿಸಿದ್ದೆಂದೂ ಅದು ತೋರಿಸಿಕೊಟ್ಟಿತು. ಕೊರ್ದೂ 1779ರಲ್ಲಿ ತೀರಿಕೊಂಡಿದ್ದರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸರಿಗಿಂತ ಮೊದಲೇ ಗುರುತಿಸಿದ್ದ ಮೇಧಾವಿ ಅವರು. ಅವರ ಬರಹದಿಂದ 1777ರಲ್ಲಿ ದೆವೋ ಎಂಬ ಫ್ರೆಂಚ್ ಅಧಿಕಾರಿಯು ಸಿದ್ಧಪಡಿಸಿದ ಪ್ರತಿಯೊಂದು ಉಳಿದುಕೊಂಡದ್ದರಿಂದ ಹೋಲಿಕೆ ಸಾಧ್ಯವಾಯಿತು. ಕೊರ್ದೂ ಅವರಿಗೆ ತಾವು ಸಲ್ಲಿಸಬೇಕಾದ ಋಣವನ್ನು ದ್ಯುಬ್ವಾ ಹೇಳಿಕೊಳ್ಳಲಿಲ್ಲ. ಇನ್ನೊಬ್ಬರ ಹಸ್ತಪ್ರತಿಯನ್ನು ಬಳಸಿಕೊಳ್ಳುವ ವಿಷಯದಲ್ಲಿ ಆ ಕಾಲದ ರೂಢಿ ಸಡಿಲವಾಗಿತ್ತೆಂಬುದು ನಿಜ. ಪಗೋಡಗಳು ಮಾತ್ರ ಒಬ್ಬರಿಗೇ ಸಂದವು; ಕೀರ್ತಿಯೂ ಒಬ್ಬರಿಗೇ ಸಂದಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ದೊಡ್ಡಸ್ವಾಮಿಯವರು ಚಿಕ್ಕವರಾಗುತ್ತಾರೆಯೇ? ನನಗೆ ಹಾಗೆ ತೋರುವುದಿಲ್ಲ. ತನ್ನ ಸೋಲನ್ನು ಒಪ್ಪಿಕೊಳ್ಳಬಲ್ಲವನು ತನ್ನ ಸಾಲವನ್ನು ಒಪ್ಪಿಕೊಳ್ಳಲಾರದೆ ಹೋದದ್ದು ವಿಚಿತ್ರವೆನಿಸಿದರೂ ಅಪರೂಪದ ಸಂಗತಿಯಲ್ಲ. ಒಂದು ಕಡೆ ಸತ್ಯಕ್ಕೆ ತಲ್ಲಣಿಸದೆ ನಿಂತವನು ಇನ್ನೊಂದು ಕಡೆ ಸುಮ್ಮನಿದ್ದುಬಿಡುತ್ತಾನೆ. ನಿಂತದ್ದನ್ನು ನಾವು ಹಾಡುತ್ತೇವೆ, ಸುಮ್ಮನಿದ್ದುದನ್ನು ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟುಬಿಡುವುದರಿಂದ ನಿಂತದ್ದಕ್ಕೂ ಅನ್ಯಾಯವಾಗುತ್ತದೆ. ಎಂದೂ ತಪ್ಪದವನಿಗೆ ಸತ್ಯ ಸುಲಭವೆಂಬ ಭ್ರಮೆಯನ್ನು ಅದು ನಮ್ಮ ವಿದ್ಯಾರ್ಥಿಗಳಲ್ಲಿ ಹುಟ್ಟಿಸುತ್ತದೆ. 1823ರಲ್ಲಿ ದ್ಯುಬ್ವಾ ಅವರು ಮಾಡಿದ್ದು ಸುಲಭವಾಗಿರಲಿಲ್ಲ. ಅವರು ತಪ್ಪಬಲ್ಲ ಮನುಷ್ಯರೆಂಬುದು ತಿಳಿದ ಮೇಲೆ ಅದು ಎಷ್ಟು ಕಷ್ಟದ್ದೆಂಬುದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಈ ಮಾತು ಪಾದ್ರಿಗಳಿಗೆ ಮಾತ್ರ ಸಲ್ಲುವಂಥದಲ್ಲ. ಯಾವ ಮಠಕ್ಕಾಗಲಿ, ಪಕ್ಷಕ್ಕಾಗಲಿ, ವಿದ್ಯಾಸಂಸ್ಥೆಗಾಗಲಿ ವರ್ಷದ ಕೊನೆಗೊಂದು ವರದಿ ಇರುತ್ತದೆ. ಆ ವರದಿಯಲ್ಲಿ ಇನ್ನೂರು ಎಂಬುದು ಎರಡು ಸಾವಿರವಾಗುವುದು ಹೇಗೆಂಬುದನ್ನು ಬಲ್ಲವರು ಬಲ್ಲರು. ಇನ್ನೂರನ್ನು ಇನ್ನೂರೆಂದೇ ಬರೆದು ಕೈಯೊಪ್ಪ ಹಾಕುವುದು ಮೊದಲ ಮೆಟ್ಟಲು. ಆ ಇನ್ನೂರು ಮಂದಿಯಲ್ಲಿ ಯಾರೊಬ್ಬರನ್ನೂ ಹೊರೆಯೆಂದು ತಿಳಿಯದಿರುವುದು ಎರಡನೆಯದು. ಬರೆಯಲು ಕಲಿಸಿಕೊಟ್ಟವರ ಹೆಸರನ್ನು ಮೊದಲ ಪುಟದಲ್ಲಿಯೇ ಹೇಳುವುದು ಮೂರನೆಯದು. ದೊಡ್ಡಸ್ವಾಮಿಯವರು ಮೊದಲ ಮೆಟ್ಟಲನ್ನು ಹತ್ತಿದರು. ಅವರ ಕಾಲದಲ್ಲಿ ಅದನ್ನು ಹತ್ತಿದವರೇ ಕಡಿಮೆ. ಉಳಿದೆರಡು ಮೆಟ್ಟಲುಗಳು ನಮಗೆ ಕಾಣುತ್ತಿದ್ದರೆ, ಅದು ನಮ್ಮ ಹೆಚ್ಚುಗಾರಿಕೆಯಲ್ಲ. ಅವರ ನಂತರ ಹುಟ್ಟಿದ್ದರಿಂದ ದೊರೆತ ಅನುಕೂಲವಷ್ಟೆ. ಹತ್ತುವ ಕೆಲಸ ಮಾತ್ರ ಅವರಿಗೆ ಹೇಗೋ ನಮಗೂ ಹಾಗೆಯೇ ಬಾಕಿಯಿದೆ.